ಓಡುವ ಗಾಡಿಗೆ ನಿಲ್ಲುವ ಬುದ್ಧಿ

ಚೈತ್ರಮಾಸದಲ್ಲಿ ಹಂಪಿಯ ವಿರೂಪಾಕ್ಷನ ತೇರು ಹೊರಟಾಗ ಎಲ್ಲರ ಕಣ್ಣೂ ಮಿಣಿ ಹಿಡಿದು ಎಳೆಯುವವರ ಮೇಲೆ. ಗಾಲಿಗಳ ಪಕ್ಕದಲ್ಲಿ ಮರದ ತುಂಡುಗಳನ್ನು ಹಿಡಿದು ಬಾಗಿ ನಡೆಯುವ ನಾಲ್ಕಾರು ಮಂದಿಯನ್ನು ಗಮನಿಸುವವರು ಕಡಿಮೆ. ಎಳೆಯುವವರು ನೂರು ಮಂದಿ ಹೆಚ್ಚಾದರೆ ತೇರು ಬೇಗ ಸಾಗೀತು, ಅಷ್ಟೆ. ಗಾಲಿಗೆ ತುಂಡು ಒಡ್ಡುವವರಲ್ಲಿ ಒಬ್ಬನ ಕೈ ತಪ್ಪಿದರೆ ಆಗುವ ಅನರ್ಥ ಬೇರೆ.

ಹಳೆಯ ಪೆಟ್ರೋಲ್ ಕಾರಿನ ಎಂಜಿನ್ನನ್ನು ಕಳಚಿ ಅದರ ಸ್ಥಾನದಲ್ಲಿ ವಿದ್ಯುತ್ ಮೋಟಾರನ್ನು ಕೂರಿಸುವ ಹವ್ಯಾಸ ಈಗ ಕೆಲವರಿಗೆ ಹತ್ತಿದೆ. ಅವರ ದೃಷ್ಟಿಯೂ ಎಳೆಯುವವರ ಕಡೆಗೇ. ಮೋಟಾರು ಎಷ್ಟು ಕಿಲೋವ್ಯಾಟಿನದು, ಬ್ಯಾಟರಿ ಎಷ್ಟು ದೂರ ಒಯ್ಯುತ್ತದೆ, ಬೆಲೆಯೆಷ್ಟು ಎಂಬ ಚರ್ಚೆ ತಿಂಗಳುಗಟ್ಟಲೆ ನಡೆಯುತ್ತದೆ. ಬ್ರೇಕಿನ ಮಾತು ಬಂದಾಗ ಮಾತ್ರ, “ಅದು ಕಾರಿನಲ್ಲಿ ಮೊದಲೇ ಇದೆಯಲ್ಲ!” ಎಂಬ ಒಂದೇ ವಾಕ್ಯದಲ್ಲಿ ವಿಷಯ ಮುಗಿದುಹೋಗುತ್ತದೆ. ಮೊದಲೇ ಇದ್ದದ್ದರಲ್ಲಿ ಒಂದು ಪಾಲು ಎಂಜಿನ್ನಿನ ಜೊತೆಯಲ್ಲಿಯೇ ಹೊರಟುಹೋಯಿತೆಂಬುದು ಅನೇಕರಿಗೆ ತಿಳಿಯುವುದು ಮೊದಲನೆಯ ಇಳಿಜಾರಿನಲ್ಲಿ.

ಗಾದಿಗನೂರಿನ ಗೃಹಸ್ಥರೊಬ್ಬರು ಇಂತಹ ಸಾಹಸಕ್ಕೆ ಕೈಹಾಕಿದರೆಂದು ಭಾವಿಸೋಣ. ಹೊಸಪೇಟೆಗೂ ತೋರಣಗಲ್ಲಿಗೂ ನಡುವಣ ಊರು ಅದು. ಮನೆಯ ಮುಂದೆ ನಿಂತಿರುವುದು ಹಳೆಯ ಚಿಕ್ಕ ಕಾರು. ತೂಕ ಸುಮಾರು 650 ಕಿಲೋಗ್ರಾಂ. ಹಗಲಿನಲ್ಲಿ ಹೊಸಪೇಟೆಯ ಪೇಟೆಗೆ ಹೋಗಿಬರಬೇಕು, ರಜೆಯ ದಿನ ಮನೆಮಂದಿಯೊಡನೆ ಸಂಡೂರಿನ ಬೆಟ್ಟಗಳ ನಡುವಿನ ಕುಮಾರಸ್ವಾಮಿಯ ದರ್ಶನಕ್ಕೆ ಹೋಗಬೇಕು. ಅವರ ಬಯಕೆ ಇಷ್ಟೇ. ಆದರೆ ಹೆದ್ದಾರಿಯಲ್ಲಿ ಹಿಂದೆಯೂ ಮುಂದೆಯೂ ಅದಿರಿನ ಲಾರಿಗಳು. ರಸ್ತೆಯ ಅಂಚಿನಲ್ಲಿ ಹರಡಿದ ಕೆಂಪು ಧೂಳಿನ ಮೇಲೆ ಗಾಲಿ ಸುಲಭವಾಗಿ ಜಾರುತ್ತದೆ. ಮುಂದಿನ ಲಾರಿ ತಟಕ್ಕನೆ ನಿಂತಾಗ ಕಾರಿನ ಹಿಂದಿನ ಆಸನದಲ್ಲಿರುವ ಮಕ್ಕಳ ಪ್ರಾಣ ನಾಲ್ಕು ಗಾಲಿಗಳ ನಾಲ್ಕು ಬ್ರೇಕುಗಳನ್ನು ನೆಚ್ಚಿಕೊಂಡಿರುತ್ತದೆ. ಮೋಟಾರಿನ ಕಿಲೋವ್ಯಾಟು ಆ ಕ್ಷಣಕ್ಕೆ ಏನೂ ಪ್ರಯೋಜನಕ್ಕೆ ಬಾರದು.

ನಾಲ್ವರು ಕುಳಿತು ಬ್ಯಾಟರಿಯೂ ಸೇರಿದಾಗ ಈ ಕಾರಿನ ತೂಕ 1,000 ಕಿಲೋಗ್ರಾಂ ಎಂದಿಟ್ಟುಕೊಂಡರೆ ಲೆಕ್ಕ ಸುಲಭ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುತ್ತಿರುವ ಕಾರನ್ನು ಒಮ್ಮೆ ನಿಲ್ಲಿಸಿದರೆ ಬ್ರೇಕುಗಳಲ್ಲಿ ಹುಟ್ಟುವ ಶಾಖದಿಂದ ಹೆಚ್ಚುಕಡಿಮೆ ಅರ್ಧ ಲೀಟರು ನೀರನ್ನು ಕುದಿಸಬಹುದು; ನಾಲ್ವರ ಕಾಫಿಗೆ ಸಾಕು! ವೇಗ 80ಕ್ಕೆ ಏರಿದರೆ ಶಾಖವು ಮೂರರಲ್ಲಿ ಒಂದು ಪಾಲು ಹೆಚ್ಚುವುದಲ್ಲ, ಮುಕ್ಕಾಲು ಪಾಲಿಗಿಂತಲೂ ಹೆಚ್ಚುತ್ತದೆ. ಏಕೆಂದರೆ ಅದು ಬೆಳೆಯುವುದು ವೇಗದ ವರ್ಗಕ್ಕೆ ಅನುಗುಣವಾಗಿ. ಈ ಶಾಖವೆಲ್ಲ ಕೆಲವೇ ಸೆಕೆಂಡುಗಳಲ್ಲಿ ಕೆಲವು ಅಂಗುಲ ಅಗಲದ ಕಬ್ಬಿಣದೊಳಕ್ಕೆ ಇಳಿಯಬೇಕು.

ಓಡಿಸುವ ಸಮಸ್ಯೆಯನ್ನು ಮನುಷ್ಯ ಬಹಳ ಹಿಂದೆಯೇ ಗೆದ್ದುಬಿಟ್ಟಿದ್ದಾನೆ. ಭೂಮಿಯ ಮೇಲೆ ಗಂಟೆಗೆ ನೂರು ಕಿಲೋಮೀಟರಿನ ಗಡಿಯನ್ನು ಮೊಟ್ಟಮೊದಲು ದಾಟಿದ ಮೋಟಾರು ಗಾಡಿ ಪೆಟ್ರೋಲಿನದಲ್ಲ, ವಿದ್ಯುತ್ತಿನದು. 1899ರಲ್ಲಿ ಕಮೀಲ್ ಜೆನಾಟ್ಜಿ ಎಂಬ ಬೆಲ್ಜಿಯಮ್ಮಿನ ಸಾಹಸಿ ಪ್ಯಾರಿಸ್ಸಿನ ಸಮೀಪದಲ್ಲಿ, ಟಾರ್ಪೀಡೋದ ಆಕಾರದ ಗಾಡಿಯೊಂದರ ಮೇಲೆ ಕುಳಿತು ಆ ಕೀರ್ತಿಯನ್ನು ಪಡೆದ. ಅವನ ಚಿತ್ರವನ್ನು ನೋಡಿದವರಿಗೆ ಇವನು ನಿಂತದ್ದು ಹೇಗೆ ಎಂಬ ದಿಗಿಲೇ ಮೊದಲು ಹುಟ್ಟುತ್ತದೆ.

ನಮ್ಮ ನಾಡಿನಲ್ಲಿಯೇ ಈ ವಿದ್ಯೆಯ ಉದಾಹರಣೆಯೊಂದು ಇದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗ 1990ರಲ್ಲಿ ಸೌರಶಕ್ತಿಯ ಕಾರೊಂದರ ತಂಡದಲ್ಲಿ ದುಡಿದ ಚೇತನ್ ಮೈನಿಯವರು ಬೆಂಗಳೂರಿಗೆ ಮರಳಿ ‘ರೇವಾ’ ಎಂಬ ವಿದ್ಯುತ್ ಕಾರನ್ನು ರೂಪಿಸಿದರು. 1994ರಲ್ಲಿ ಸಂಸ್ಥೆ ಆರಂಭವಾಯಿತು. 2001ರಲ್ಲಿ ಕಾರು ಮಾರಾಟಕ್ಕೆ ಬಂತು. ಲಂಡನ್ನಿನ ಬೀದಿಗಳಲ್ಲಿ ಅದು ‘ಜಿ-ವಿಜ್’ ಎಂಬ ಹೆಸರಿನಿಂದ ಓಡಾಡಿತು. 2010ರಲ್ಲಿ ಮಹೀಂದ್ರ ಸಂಸ್ಥೆ ಅದರ ಬಹುಪಾಲನ್ನು ಕೊಂಡಿತು. ಮನೆಯಲ್ಲಿ ಕಾರು ಕಟ್ಟುವವರು ಗಮನಿಸಬೇಕಾದದ್ದು ಅದರ ಮಾರಾಟದ ಕಥೆಯನ್ನಲ್ಲ, ಒಡಲನ್ನು. 6 ವೋಲ್ಟಿನ ಎಂಟು ಸೀಸದ ಬ್ಯಾಟರಿಗಳು, ಒಟ್ಟು 48 ವೋಲ್ಟು. ಮೋಟಾರಿನಿಂದ ಹಿಂದಿನ ಗಾಲಿಗಳಿಗೆ ಒಂದೇ ಗೇರು, ಕ್ಲಚ್ಚಿಲ್ಲ. ಮೊದಲನೆಯ ಮಾದರಿಗೆ ನಾಲ್ಕು ಗಾಲಿಗಳಿಗೂ ಡ್ರಮ್ ಬ್ರೇಕು, ಅದರ ಜೊತೆಗೆ ಮೋಟಾರೇ ಜನರೇಟರಿನಂತೆ ತಿರುಗಿ ಕಾರನ್ನು ತಡೆಯುವ ರೀಜನರೇಟಿವ್ ಬ್ರೇಕು. ಊರೊಳಗಿನ ನಿಧಾನ ಸಂಚಾರಕ್ಕೆ ಅದು ಸಾಕೆನಿಸಿತ್ತು. 2007ರಲ್ಲಿ ಬ್ರಿಟನ್ನಿನ ಡಿಕ್ಕಿ ಪರೀಕ್ಷೆಗಳ ತರುವಾಯ ಅದರ ಸುರಕ್ಷತೆಯ ವಿಚಾರವಾಗಿ ಕಟುವಾದ ಟೀಕೆಗಳು ಬಂದವು. ಅನಂತರದ ಮಾದರಿಯಲ್ಲಿ ಚೌಕಟ್ಟು ಗಟ್ಟಿಯಾಯಿತು, ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕು ಬಂತು, ನೇರ ವಿದ್ಯುತ್ತಿನ ಮೋಟಾರಿನ ಬದಲು ಪರ್ಯಾಯ ವಿದ್ಯುತ್ತಿನ ಮೋಟಾರು ಬಂತು. ಎಂಜಿನಿಯರುಗಳ ಪಡೆಯಿದ್ದ ಕಾರ್ಖಾನೆಯೇ ಬ್ರೇಕನ್ನು ಎರಡನೆಯ ಸಲ ಯೋಚಿಸಬೇಕಾಯಿತೆಂದ ಮೇಲೆ, ಮನೆಯಂಗಳದಲ್ಲಿ ಕೆಲಸ ಮಾಡುವವರು ಒಂದು ಸಲವಾದರೂ ಯೋಚಿಸಬೇಡವೇ?

ಮೋಟಾರಿನ ಆಯ್ಕೆಯೂ ಬ್ರೇಕಿನ ಪ್ರಶ್ನೆಯೇ. ಅಗ್ಗದಲ್ಲಿ ದೊರೆಯುವ ಸೀರೀಸ್ ಮಾದರಿಯ ನೇರ ವಿದ್ಯುತ್ ಮೋಟಾರು ನಿಂತ ಸ್ಥಳದಿಂದಲೇ ಎತ್ತಿನಂತೆ ಎಳೆಯುತ್ತದೆ. ಅದಕ್ಕೆ ಎರಡು ದುರ್ಗುಣಗಳುಂಟು. ಹೊರೆಯಿಲ್ಲದೆ ತಿರುಗಲು ಬಿಟ್ಟರೆ, ಅಂದರೆ ಓಡುತ್ತಿರುವಾಗ ಕ್ಲಚ್ಚನ್ನು ಒತ್ತಿದರೆ, ವೇಗ ಏರುತ್ತಾ ಏರುತ್ತಾ ಅದು ತನ್ನನ್ನೇ ಛಿದ್ರಮಾಡಿಕೊಳ್ಳಬಲ್ಲದು. ಎರಡನೆಯದಾಗಿ, ಅದರಿಂದ ವಿದ್ಯುತ್ತನ್ನು ಮರಳಿ ಪಡೆಯುವುದು ಸುಲಭವಲ್ಲ. ಇದಕ್ಕಿಂತ ಭಯಂಕರವಾದುದು ಅದನ್ನು ಆಳುವ ನಿಯಂತ್ರಕದ ಸ್ವಭಾವ. ಅದರೊಳಗಿನ ಟ್ರಾನ್ಸಿಸ್ಟರು ಸುಟ್ಟುಹೋದಾಗ ಬಹುಮಟ್ಟಿಗೆ ಬಾಗಿಲು ಮುಚ್ಚಿಕೊಳ್ಳುವುದಿಲ್ಲ, ತೆರೆದುಕೊಳ್ಳುತ್ತದೆ. ಬ್ಯಾಟರಿಯ ಬಲವೆಲ್ಲ ಮೋಟಾರಿಗೆ ನುಗ್ಗಿ ಕಾರು ಹಿಡಿತ ಮೀರಿ ಓಡತೊಡಗುತ್ತದೆ. ಪರ್ಯಾಯ ವಿದ್ಯುತ್ತಿನ ಇಂಡಕ್ಷನ್ ಮೋಟಾರಿನಲ್ಲಿ ಈ ಅಪಾಯ ಬಹಳ ಕಡಿಮೆ. ನಿಯಂತ್ರಕ ಕೆಟ್ಟರೆ ಅದು ಸಾಮಾನ್ಯವಾಗಿ ಸುಮ್ಮನಾಗುತ್ತದೆ. ಮನೆಮಂದಿಯನ್ನು ಕೂರಿಸಿಕೊಂಡು ಹೋಗುವ ಕಾರಿಗೆ, ಬೆಲೆ ಹೆಚ್ಚಾದರೂ, ಇದೇ ಮೇಲು. ಯಾವ ಮೋಟಾರನ್ನೇ ಹಾಕಲಿ, ಅದು ಪೂರ್ಣಬಲದಿಂದ ಎಳೆಯುತ್ತಿರುವಾಗಲೂ ಬ್ರೇಕು ಅದನ್ನು ಸೋಲಿಸಿ ಕಾರನ್ನು ನಿಲ್ಲಿಸುವಂತಿರಬೇಕು. ಜೊತೆಗೆ, ಚಾಲಕನ ಕೈಗೆ ಎಟಕುವಂತೆ ಬ್ಯಾಟರಿಯ ಸಂಬಂಧವನ್ನು ಕಡಿಯುವ ಸ್ವಿಚ್ಚು ಇರಬೇಕು. ಮನೆಯ ಗೋಡೆಯ ಸ್ವಿಚ್ಚು ಇದಕ್ಕೆ ಬಾರದು. ನೇರ ವಿದ್ಯುತ್ತಿನ ಕಿಡಿ ತಾನಾಗಿ ಆರುವುದಿಲ್ಲ; ಅದನ್ನು ಕಡಿಯಲೆಂದೇ ಮಾಡಿದ ಸಾಧನವೇ ಬೇಕು.

ಮೋಟಾರಿನ ಗಾತ್ರದ ವಿಚಾರದಲ್ಲಿ ಅತಿಯಾಸೆ ಬೇಡ. ಸಮನೆಲದ ಮೇಲೆ 60 ಕಿಲೋಮೀಟರು ವೇಗದಲ್ಲಿ ಸಾಗಲು ಈ ಕಾರಿಗೆ ಸುಮಾರು 4 ಕಿಲೋವ್ಯಾಟು ಸಾಕು. ಹನ್ನೆರಡು ಅಡಿಗೆ ಒಂದು ಅಡಿ ಏರುವ ದಾರಿಯಲ್ಲಾದರೆ ಅದರ ಅರ್ಧ ವೇಗಕ್ಕೇ 8 ಕಿಲೋವ್ಯಾಟು ಬೇಕಾಗುತ್ತದೆ. ಬಿಸಿಲಿನ ಸೀಮೆಯಲ್ಲಿ ಅಷ್ಟನ್ನು ಬಹಳ ಹೊತ್ತು ಕೊಟ್ಟರೂ ಕಾಯ್ದು ಕೆಡದ ಮೋಟಾರನ್ನು ಆರಿಸಬೇಕು. ಹಳೆಯ ಗೇರುಪೆಟ್ಟಿಗೆಯನ್ನು ಉಳಿಸಿಕೊಂಡರೆ ಚಿಕ್ಕ ಮೋಟಾರಿನಿಂದಲೇ ಬೆಟ್ಟ ಹತ್ತಬಹುದು. ಕ್ಲಚ್ಚನ್ನು ತೆಗೆದರೂ ನಡೆಯುತ್ತದೆ. ಮೋಟಾರನ್ನೂ ಗೇರುಪೆಟ್ಟಿಗೆಯನ್ನೂ ಕೂಡಿಸುವ ಲೋಹದ ಫಲಕವನ್ನು ಮಾತ್ರ ಕಣ್ಣಳತೆಯಲ್ಲಿ ಕೊರೆಯಿಸಬಾರದು. ಎರಡು ದಂಡಗಳ ನಡುಗೆರೆ ಕೂದಲೆಳೆಯಷ್ಟು ತಪ್ಪಿದರೂ ಬೇರಿಂಗು ಕೆಲವೇ ದಿನಗಳಲ್ಲಿ ಗೋಳಿಡುತ್ತದೆ. ಇದು ಒಳ್ಳೆಯ ಲೇತ್ ಕೆಲಸಗಾರನ ಪಾಲಿನ ಕೆಲಸ.

ಇನ್ನು ಎಂಜಿನ್ನಿನ ಜೊತೆಯಲ್ಲಿ ಹೊರಟುಹೋದ ಆ ಪಾಲು ಯಾವುದು? ಅನೇಕ ಕಾರುಗಳಲ್ಲಿ ಬ್ರೇಕಿನ ಪೆಡಲಿನ ಮುಂದೆ ಕರಿಯ ತಟ್ಟೆಯಂತಹ ಡಬ್ಬಿಯೊಂದಿರುತ್ತದೆ. ಪೆಟ್ರೋಲ್ ಎಂಜಿನು ಗಾಳಿಯನ್ನು ಹೀರುವಾಗ ಉಂಟಾಗುವ ನಿರ್ವಾತವು ಕೊಳವೆಯೊಂದರ ಮೂಲಕ ಈ ಡಬ್ಬಿಗೆ ಬರುತ್ತದೆ. ಪೆಡಲನ್ನು ಒತ್ತಿದಾಗ ಹೊರಗಿನ ವಾಯುಭಾರವೇ ಒಳಗಿನ ಪೊರೆಯನ್ನು ತಳ್ಳಿ, ಚಾಲಕನ ಕಾಲಿಗೆ ನೆರವಾಗುತ್ತದೆ. ಎಂಜಿನು ಹೋದರೆ ನಿರ್ವಾತವೂ ಹೋಯಿತು. ಪೆಡಲು ಕಲ್ಲಿನಂತಾಗುತ್ತದೆ. ಬಲಿಷ್ಠನಾದ ಗಂಡಸು ಹೇಗೋ ಒತ್ತಿಯಾನು. ಮನೆಯಲ್ಲಿ ಕಾರು ನಡೆಸುವ ಬೇರೆಯವರ ಗತಿಯೇನು? ಇದಕ್ಕೆ ಎರಡು ದಾರಿಗಳಿವೆ. ಒಂದು, ವಿದ್ಯುತ್ತಿನಿಂದ ನಡೆಯುವ ಚಿಕ್ಕ ನಿರ್ವಾತ ಪಂಪನ್ನೂ, ನಿರ್ವಾತವನ್ನು ಕೂಡಿಡುವ ಡಬ್ಬಿಯನ್ನೂ, ಒತ್ತಡ ನೋಡಿ ಪಂಪನ್ನು ನಡೆಸುವ ಸ್ವಿಚ್ಚನ್ನೂ ಅಳವಡಿಸುವುದು. ಪಂಪಿಗೆ ವಿದ್ಯುತ್ತು 12 ವೋಲ್ಟಿನ ಬೇರೆ ಬ್ಯಾಟರಿಯಿಂದ ಬರಬೇಕು. ದೊಡ್ಡ ಬ್ಯಾಟರಿ ಕೈಕೊಟ್ಟಾಗ ಬ್ರೇಕೂ ಕೈಕೊಡುವಂತಾಗಬಾರದು. ಇನ್ನೊಂದು, ಆ ಡಬ್ಬಿಯನ್ನೇ ತೆಗೆದು, ಚಿಕ್ಕ ವ್ಯಾಸದ ಮಾಸ್ಟರ್ ಸಿಲಿಂಡರನ್ನು ಹಾಕುವುದು. ವ್ಯಾಸ 22 ಮಿಲಿಮೀಟರಿನಿಂದ 19ಕ್ಕೆ ಇಳಿದರೆ ಅದೇ ಕಾಲಿನ ಬಲಕ್ಕೆ ಒತ್ತಡ ಮೂರನೆಯ ಒಂದು ಪಾಲಿನಷ್ಟು ಹೆಚ್ಚುತ್ತದೆ. ಪೆಡಲು ಅಷ್ಟೇ ಹೆಚ್ಚು ದೂರ ಇಳಿಯುತ್ತದೆ. ಹಗುರವಾದ ಕಾರಿಗೆ ಇದು ಸಾಲಬಹುದು, ಭಾರದ ಕಾರಿಗೆ ಪಂಪೇ ಸರಿ. ಯಾವುದಾದರೂ ಸಿಲಿಂಡರು ಎರಡು ಕವಲಿನದಾಗಿರಲಿ. ಒಂದು ಕೊಳವೆ ಒಡೆದರೂ ಎರಡು ಗಾಲಿಗಳಾದರೂ ಹಿಡಿಯುತ್ತವೆ.

ಬ್ಯಾಟರಿಯ ಭಾರವನ್ನು ಎಲ್ಲಿ ಇಡುವುದೆಂಬುದಕ್ಕೆ ಗಾದಿಗನೂರಿನ ಸೀಮೆಯಲ್ಲಿ ಒಂದು ಅನುಕೂಲವುಂಟು. ಅದಿರಿನ ಲಾರಿಗಳನ್ನು ತೂಗುವ ವೇಬ್ರಿಜ್ಜುಗಳಿಗೆ ಅಲ್ಲಿ ಕೊರತೆಯಿಲ್ಲ. ಎಂಜಿನು ತೆಗೆಯುವುದಕ್ಕೆ ಮುಂಚೆ ಒಮ್ಮೆ, ಕೆಲಸ ಮುಗಿದ ಮೇಲೆ ಒಮ್ಮೆ, ಮುಂದಿನ ಗಾಲಿಗಳನ್ನೂ ಹಿಂದಿನ ಗಾಲಿಗಳನ್ನೂ ಬೇರೆಬೇರೆಯಾಗಿ ತೂಗಿಸಬೇಕು. 10 ಯೂನಿಟ್ಟಿನ ಸಾಮರ್ಥ್ಯಕ್ಕೆ ಸೀಸದ ಬ್ಯಾಟರಿಯಾದರೆ ಸುಮಾರು 300 ಕಿಲೋಗ್ರಾಂ, ಲಿಥಿಯಮ್ಮಿನದಾದರೆ ನೂರರ ಆಸುಪಾಸು. ಕಾರು ತಯಾರಿಸಿದವರು ನಿಗದಿಮಾಡಿದ ಒಟ್ಟು ತೂಕವನ್ನು ಮೀರಿದರೆ ಬ್ರೇಕೂ ಸ್ಪ್ರಿಂಗೂ ಟೈರೂ ಮೂರೂ ತಮ್ಮ ಅಳತೆಯನ್ನು ಮೀರಿದಂತೆ. ಭಾರವೆಲ್ಲ ಹಿಂದಿನ ಡಿಕ್ಕಿಗೆ ಹೋದರೆ ಮುಂದಿನ ಗಾಲಿಗಳ ಹಿಡಿತ ಸಡಿಲವಾಗುತ್ತದೆ. ನಿಲ್ಲಿಸುವಾಗ ಕಾರು ಮುಂದಕ್ಕೆ ವಾಲುವುದರಿಂದ ಹೆಚ್ಚಿನ ಕೆಲಸ ಮುಂದಿನ ಬ್ರೇಕುಗಳದು. ಅಲ್ಲಿ ಡಿಸ್ಕೇ ಇರಲಿ. ಡ್ರಮ್ಮು ಕಾದಾಗ ಹಿಗ್ಗಿ ಬ್ರೇಕಿನ ಷೂಗಳಿಂದ ದೂರ ಸರಿಯುತ್ತದೆ. ಡಿಸ್ಕು ಗಾಳಿಗೆ ತೆರೆದಿರುವುದರಿಂದ ಬೇಗ ಆರುತ್ತದೆ.

ರೀಜನರೇಟಿವ್ ಬ್ರೇಕಿನ ವಿಷಯದಲ್ಲಿ ಉತ್ಪ್ರೇಕ್ಷೆಯ ಮಾತುಗಳು ಬಹಳ. ಗಾದಿಗನೂರಿನ ಮುಂದೆ ಹಾದುಹೋಗುವ ರೈಲುದಾರಿಯ ಹೊಸ ವಿದ್ಯುತ್ ಎಂಜಿನುಗಳೂ ವೇಗ ಇಳಿಸುವಾಗ ವಿದ್ಯುತ್ತನ್ನು ಮೇಲಿನ ತಂತಿಗೆ ಮರಳಿಸುತ್ತವೆ. ಸಾವಿರಾರು ಟನ್ನಿನ ಗೂಡ್ಸು ಗಾಡಿಯಲ್ಲಿ ಅದು ದೊಡ್ಡ ಲಾಭ. ಚಿಕ್ಕ ಕಾರಿನಲ್ಲಿ 60 ಕಿಲೋಮೀಟರು ವೇಗದಿಂದ ಒಮ್ಮೆ ನಿಂತಾಗ ಅರ್ಧದಷ್ಟನ್ನು ಉಳಿಸಿಕೊಂಡರೂ ಅದು ಮುನ್ನೂರು ಮೀಟರಿನ ಪ್ರಯಾಣಕ್ಕೆ ಸಮ. ಅದರ ನಿಜವಾದ ಬೆಲೆ ತಿಳಿಯುವುದು ಬೆಟ್ಟ ಇಳಿಯುವಾಗ. ನೂರು ಮೀಟರು ಎತ್ತರದಿಂದ ಇಳಿಯುವ ಕಾರಿನ ಶಕ್ತಿ ಏಳು ಸಲ ನಿಲ್ಲಿಸಿದಷ್ಟಾಗುತ್ತದೆ. ಅದನ್ನೆಲ್ಲ ಬ್ರೇಕೊಂದೇ ನುಂಗಬೇಕಾದರೆ ಅದರ ಎಣ್ಣೆಯೇ ಕುದಿಯಬಹುದು. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಡಾಟ್ 3 ಎಂಬ ದರ್ಜೆಯದು ಹೊಸತಾಗಿರುವಾಗ 205 ಡಿಗ್ರಿಯವರೆಗೆ ಕುದಿಯದು, ತೇವ ಸೇರಿದ ಮೇಲೆ ಈ ಅಳತೆ 140ಕ್ಕೆ ಇಳಿಯಬಹುದು. ಒಳಗೆ ಆವಿಯ ಗುಳ್ಳೆಗಳೆದ್ದರೆ ಪೆಡಲು ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಡಾಟ್ 4 ಹಾಕಿ ಎರಡು ವರ್ಷಕ್ಕೊಮ್ಮೆ ಬದಲಿಸುವುದಕ್ಕೆ ತಗಲುವ ಖರ್ಚು ಅಲ್ಪ.

ಒಂದು ಸೂಕ್ಷ್ಮವನ್ನು ಅನುಭವಿಗಳೂ ಮರೆಯುವುದುಂಟು. ಬೆಟ್ಟದ ಮೇಲೆಯೇ ಬ್ಯಾಟರಿಯನ್ನು ಪೂರ್ತಿ ತುಂಬಿಸಿಕೊಂಡು ಇಳಿಯಲು ಹೊರಟರೆ, ಮೋಟಾರು ಕೊಡುವ ವಿದ್ಯುತ್ತಿಗೆ ಹೋಗಲು ಸ್ಥಳವಿಲ್ಲ. ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಯುವುದೇ? ಆಗ ಆ ಬ್ರೇಕು ಇಲ್ಲವೆಂದೇ ಲೆಕ್ಕ. ಅಲ್ಲದೆ, ಮೋಟಾರು ಹಿಂದಿನ ಗಾಲಿಗಳನ್ನು ಮಾತ್ರ ತಡೆಯುವ ಕಾರಿನಲ್ಲಿ ಅದನ್ನು ಬಿಗಿಯಾಗಿ ಹೊಂದಿಸಿದರೆ, ಧೂಳಿನ ತಿರುವಿನಲ್ಲಿ ಹಿಂಭಾಗ ಜಾರಿ ಕಾರು ತಿರುಗಿ ನಿಲ್ಲಬಹುದು. ಆದುದರಿಂದ ಅದು ನೆರವಾಳಾಗಿರಲಿ, ಯಜಮಾನನಾಗುವುದು ಬೇಡ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ನೋಂದಣಿಯಾದ ವಾಹನವನ್ನು ಮನಸ್ಸಿಗೆ ಬಂದಂತೆ ಬದಲಾಯಿಸುವಂತಿಲ್ಲ. ವಿದ್ಯುತ್ತಿಗೆ ಪರಿವರ್ತಿಸಲು 2016ರಲ್ಲಿ ನಿಯಮಗಳು ಬಂದವು. ಅವುಗಳಂತೆ ಪರೀಕ್ಷಾಸಂಸ್ಥೆಯ ಒಪ್ಪಿಗೆ ಪಡೆದ ಸಾಮಗ್ರಿಯನ್ನು ಅಧಿಕೃತ ಕಾರ್ಯಾಗಾರದಲ್ಲಿ ಜೋಡಿಸಿ, ನೋಂದಣಿಪತ್ರದಲ್ಲಿ ಬದಲಾವಣೆಯನ್ನು ಬರೆಸಬೇಕು. ಕಾರು ಕಟ್ಟುವ ಉತ್ಸಾಹಿಗಳು ಇದನ್ನು ಕಾಟವೆಂದು ಗೊಣಗುತ್ತಾರೆ. ಹೆದ್ದಾರಿಯಲ್ಲಿ ಅವರ ಎದುರಿಗೆ ಬರುವವರಿಗೂ ಮನೆಮಂದಿಯಿದ್ದಾರೆ.

ರಸ್ತೆಗೆ ಇಳಿಯುವುದಕ್ಕೆ ಮುಂಚೆ ಗೃಹಸ್ಥರು ಬಯಲಿನಲ್ಲಿ ಮಾಡಿನೋಡಬೇಕಾದ ಪರೀಕ್ಷೆಗಳಿಗೆ ಒಂದು ಬೆಳಗು ಸಾಕು. ನಿರ್ವಾತ ಪಂಪಿನ ತಂತಿಯನ್ನು ಕಳಚಿ, ಡಬ್ಬಿಯಲ್ಲಿ ಉಳಿದ ನಿರ್ವಾತದಿಂದಲೇ ಮೂರು ಸಲ ಕಾರನ್ನು ಪೂರ್ತಿಯಾಗಿ ನಿಲ್ಲಿಸಲು ಆಗುತ್ತದೆಯೇ? ಮಂದಗತಿಯಲ್ಲಿ ಹೋಗುತ್ತಾ ಮೋಟಾರಿನ ಪೆಡಲನ್ನೂ ಬ್ರೇಕಿನ ಪೆಡಲನ್ನೂ ಒಟ್ಟಿಗೆ ಒತ್ತಿದರೆ ಗೆಲ್ಲುವುದು ಯಾವುದು? ಕಡೆಯದು ಕೈಬ್ರೇಕು. ಪೆಟ್ರೋಲ್ ಕಾರನ್ನು ಇಳಿಜಾರಿನಲ್ಲಿ ನಿಲ್ಲಿಸಿ ಗೇರಿನಲ್ಲಿ ಬಿಟ್ಟರೆ ಎಂಜಿನ್ನಿನೊಳಗಿನ ಬಿಗಿತವೇ ಅದನ್ನು ಹಿಡಿದಿಡುತ್ತಿತ್ತು. ವಿದ್ಯುತ್ತು ನಿಂತ ಮೋಟಾರಿಗೆ ಅಂತಹ ಬಿಗಿತವಿಲ್ಲ. ಗೇರಿನಲ್ಲಿದ್ದರೂ ಕಾರು ಮೆಲ್ಲಗೆ ಉರುಳಿಹೋಗುತ್ತದೆ. ಕೈಬ್ರೇಕಿನ ಹಗ್ಗವನ್ನು ಹೊಸದಾಗಿ ಹಾಕಿಸಿ, ಏರಿನಲ್ಲಿ ನಾಲ್ವರನ್ನು ಕೂರಿಸಿ ಎಳೆದುನೋಡಬೇಕು. ಅಷ್ಟಾದರೂ ಕುಮಾರಸ್ವಾಮಿಯ ಬೆಟ್ಟದಲ್ಲಿ ಕಾರು ನಿಲ್ಲಿಸಿ ದರ್ಶನಕ್ಕೆ ಹೊರಡುವಾಗ ಹಿಂದಿನ ಗಾಲಿಗೆ ಒಂದು ಕಲ್ಲು ಇಟ್ಟುಹೋಗುವುದರಲ್ಲಿ ನಾಚಿಕೆಯೇನೂ ಇಲ್ಲ.