ಬಾಯ್ಲರ್ ಕೋಣೆಯಿಂದ ಬಾವಿಯ ತಳಕ್ಕೆ

'ಮೈಸೂರು' ಎಂಬ ಹೆಸರಿನ ಯುದ್ಧನೌಕೆಯೊಂದು ನಮ್ಮ ನೌಕಾಪಡೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿಯಿತೆಂಬ ಸಂಗತಿ ಕನ್ನಡಿಗರಲ್ಲಿ ಅನೇಕರಿಗೆ ತಿಳಿದಿರಲಾರದು. ಎರಡನೇ ಮಹಾಯುದ್ಧದಲ್ಲಿ 'ನೈಜೀರಿಯಾ' ಎಂಬ ಹೆಸರಿನಿಂದ ಬ್ರಿಟಿಷರ ಪರವಾಗಿ ಕಾದಾಡಿ, 1942ರಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಟಾರ್ಪಿಡೊ ಪೆಟ್ಟು ತಿಂದೂ ಮುಳುಗದೆ ಉಳಿದ ಕ್ರೂಸರ್ ಅದು. 1954ರಲ್ಲಿ ಭಾರತ ಅದನ್ನು ಕೊಂಡಿತು. 1957ರ ಆಗಸ್ಟ್‌ನಲ್ಲಿ ಐಎನ್‌ಎಸ್ ಮೈಸೂರು ಎಂಬ ಹೊಸ ಹೆಸರಿನೊಡನೆ, ಗಂಡಭೇರುಂಡದ ಲಾಂಛನ ಧರಿಸಿ ಅದು ನಮ್ಮ ಪಡೆಗೆ ಸೇರಿತು. 1971ರ ಯುದ್ಧದಲ್ಲಿ ಪಶ್ಚಿಮ ನೌಕಾಬಳಗದ ಧ್ವಜನೌಕೆ ಅದೇ. 1985ರಲ್ಲಿ ಅದಕ್ಕೆ ನಿವೃತ್ತಿಯಾಯಿತು. 1999ರಲ್ಲಿ ಅದೇ ಹೆಸರಿನ ಇನ್ನೊಂದು ನೌಕೆ ಬಂದಿದೆ.

1971ರಲ್ಲಿ ಆ ಹಳೆಯ ಮೈಸೂರಿನ ಹೊಟ್ಟೆಯೊಳಗೆ, ಬಾಯ್ಲರ್ ಕೋಣೆಯಲ್ಲಿ, ಶಿರಾ ತಾಲ್ಲೂಕಿನ ನಮ್ಮೂರಿನವರೊಬ್ಬರು ಇದ್ದರು. ಅವರು ಕಳೆದ ವರ್ಷ ತೀರಿಕೊಂಡರು. ಪತ್ರಿಕೆಗಳಲ್ಲಿ ಶ್ರದ್ಧಾಂಜಲಿ ಲೇಖನ ಬರೆಸಿಕೊಳ್ಳುವಂಥ ವ್ಯಕ್ತಿ ಅವರಲ್ಲ. ಹೆಸರು ಅಚ್ಚಾಗುವುದು ಅವರಿಗೆ ಹಿಡಿಸುತ್ತಲೂ ಇರಲಿಲ್ಲ. ಊರಿನವರೆಲ್ಲ ಕರೆಯುತ್ತಿದ್ದಂತೆ ಅವರನ್ನು ನೇವಿಯಣ್ಣ ಎಂದೇ ಕರೆಯುತ್ತೇನೆ.

ನಮ್ಮೂರಿನಿಂದ ಸಮುದ್ರ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ರಾಗಿ, ಕಡಲೆಕಾಯಿ ಬೆಳೆಯುವ, ಕೆರೆ ತುಂಬುವುದೇ ಹಬ್ಬವೆನಿಸುವ ಸೀಮೆ. ಅಲ್ಲಿನ ಹುಡುಗನೊಬ್ಬ 1967ರಲ್ಲಿ ನೌಕಾಪಡೆ ಸೇರಿದ್ದಕ್ಕೆ ದೇಶಪ್ರೇಮದ ಕಾರಣ ಹುಡುಕಬೇಕಾಗಿಲ್ಲ. ಎರಡು ವರ್ಷ ಮಳೆ ಕೈಕೊಟ್ಟಿತ್ತು, ಮನೆಯಲ್ಲಿ ಉಣ್ಣುವ ಬಾಯಿಗಳು ಎಂಟಿದ್ದವು ಎಂದು ಅವರೇ ಹೇಳುತ್ತಿದ್ದರು. ಯಂತ್ರಗಳ ತರಬೇತಿಗೆ ಲೋನಾವಳದ ಐಎನ್‌ಎಸ್ ಶಿವಾಜಿಗೆ ಕಳುಹಿಸಿದರಂತೆ. "ಸಮುದ್ರ ನೋಡೋಣ ಅಂತ ಹೋದರೆ ಬೆಟ್ಟ ಹತ್ತಿಸಿದರು ನೋಡಪ್ಪ" ಎಂದು ನಗುತ್ತಿದ್ದರು. ಹಡಗು ಹತ್ತಿದ ಮೇಲೂ ಸಮುದ್ರ ಕಂಡದ್ದು ಕಡಿಮೆಯೇ. ಬಾಯ್ಲರ್ ಕೋಣೆ ಇರುವುದು ನೀರಿನ ಮಟ್ಟಕ್ಕಿಂತ ಕೆಳಗೆ. ತೈಲ ಉರಿಸಿ ಹಬೆ ಎಬ್ಬಿಸಬೇಕು, ಹಬೆಯಿಂದ ಟರ್ಬೈನ್ ತಿರುಗಬೇಕು. ಒತ್ತಡದ ಮುಳ್ಳಿನ ಮೇಲೆ ಕಣ್ಣಿಟ್ಟು, ಬೆವರಿನಲ್ಲಿ ತೊಯ್ದು, ನಾಲ್ಕು ಗಂಟೆಗಳ ಪಾಳಿ. ಯುದ್ಧದ ಹದಿನಾಲ್ಕು ದಿನಗಳಲ್ಲಿ ಅವರು ಒಂದು ಗುಂಡನ್ನೂ ಹಾರಿಸಲಿಲ್ಲ, ಶತ್ರುವಿನ ಒಂದು ದೋಣಿಯನ್ನೂ ನೋಡಲಿಲ್ಲ. ಮೇಲೆ ಏನಾಗುತ್ತಿದೆ ಎಂಬುದು ವೇಗ ಹೆಚ್ಚಿಸಿ, ತಗ್ಗಿಸಿ ಎಂಬ ಆಜ್ಞೆಗಳಿಂದ ಊಹಿಸಿಕೊಳ್ಳಬೇಕಾದ ಮಾತಾಗಿತ್ತು.

ಡಿಸೆಂಬರ್ 9ರ ರಾತ್ರಿ ದೀವ್ ಬಳಿ ಐಎನ್‌ಎಸ್ ಖುಕ್ರಿಗೆ ಪಾಕಿಸ್ತಾನದ ಜಲಾಂತರ್ಗಾಮಿಯ ಟಾರ್ಪಿಡೊ ಬಡಿಯಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗನ್ನು ಬಿಟ್ಟು ಬರಲೊಲ್ಲದೆ ಅದರೊಡನೆಯೇ ಮುಳುಗಿದ ಕಥೆ ಪ್ರಸಿದ್ಧ. 18 ಅಧಿಕಾರಿಗಳು, 176 ನಾವಿಕರು ಅಂದು ಸತ್ತರು. ನೇವಿಯಣ್ಣನ ಜೊತೆ ಲೋನಾವಳದಲ್ಲಿ ಒಂದೇ ಬ್ಯಾರಕ್ಕಿನಲ್ಲಿದ್ದ ಒಬ್ಬರು ಆ 176ರಲ್ಲಿ ಸೇರಿದ್ದರು. ಯಂತ್ರದ ಕೋಣೆಯಲ್ಲಿರುವವನಿಗೆ ಮೇಲೆ ಬರುವ ಮೆಟ್ಟಿಲು ಬಹಳ ಉದ್ದ ಎಂಬಷ್ಟು ಮಾತ್ರ ಅವರು ನನಗೆ ಹೇಳಿದ್ದು. ಪ್ರತಿ ವರ್ಷ ಆ ದಿನ ಸಂಜೆ ಅವರು ಊರಾಚೆಯ ಕೆರೆ ಏರಿಯ ಮೇಲೆ ಒಬ್ಬರೇ ಹೋಗಿ ಕೂರುತ್ತಿದ್ದರು. ಮನೆಯವರು ಕರೆಯಲು ಹೋಗುತ್ತಿರಲಿಲ್ಲ.

ಅವರು ಸೇರಿದಾಗ ನಾವಿಕರ ಕರಾರು ಹೀಗಿತ್ತು: ಹತ್ತು ವರ್ಷ ಸಕ್ರಿಯ ಸೇವೆ, ಆ ಬಳಿಕ ಹತ್ತು ವರ್ಷ 'ಫ್ಲೀಟ್ ರಿಸರ್ವ್', ಎಂದರೆ ಮೀಸಲು. ಮೀಸಲಿನಲ್ಲಿರುವವನು ಊರಿನಲ್ಲಿ ಬೇಸಾಯ ಮಾಡಿಕೊಂಡಿರಬಹುದು, ಕರೆ ಬಂದೊಡನೆ ಹೊರಡಬೇಕು. ಎರಡೂ ಅವಧಿ ಮುಗಿದರೆ ಸಣ್ಣದೊಂದು ಮೀಸಲು ಪಿಂಚಣಿ. ಪೂರ್ಣ ಪಿಂಚಣಿ ಬೇಕಿದ್ದರೆ ಹದಿನೈದು ವರ್ಷ ಸಕ್ರಿಯ ಸೇವೆ ಆಗಬೇಕು. 1976ರ ಜುಲೈ 3ರಿಂದ ಸರ್ಕಾರ ನಾವಿಕರನ್ನು ಮೀಸಲಿಗೆ ಸೇರಿಸುವುದನ್ನೇ ನಿಲ್ಲಿಸಿತು. ನೇವಿಯಣ್ಣನ ಹತ್ತು ವರ್ಷ ಮುಗಿದದ್ದು 1977ರಲ್ಲಿ. ಸೇವೆ ಮುಂದುವರಿಸುವಿರಾ ಎಂದು ಕೇಳಿದಾಗ ಅವರು ಒಲ್ಲೆನೆಂದರು. ತಂದೆ ತೀರಿಹೋಗಿದ್ದರು, ರಜೆಯಲ್ಲಿ ಮದುವೆಯಾಗಿ ಬಿಟ್ಟುಹೋಗಿದ್ದ ಹೆಂಡತಿ ಎಳೆಗೂಸನ್ನು ಕಟ್ಟಿಕೊಂಡು ನಾಲ್ಕು ಎಕರೆ ನೋಡಿಕೊಳ್ಳುತ್ತಿದ್ದರು. ಹೀಗಾಗಿ ಪಿಂಚಣಿಯೂ ಇಲ್ಲ, ಮೀಸಲೂ ಇಲ್ಲ. ಟ್ರಂಕು, ಹಾಸಿಗೆ ಸುರುಳಿ, ನಡತೆ 'ವೆರಿ ಗುಡ್' ಎಂದು ಬರೆದ ಒಂದು ಪ್ರಮಾಣಪತ್ರದೊಡನೆ ಅವರು ಶಿರಾ ಬಸ್ ನಿಲ್ದಾಣದಲ್ಲಿ ಇಳಿದರು.

ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಕರಾರಿನ ಒಂದು ಪಕ್ಷ ತನ್ನ ಹಕ್ಕನ್ನು ಬಿಟ್ಟುಕೊಟ್ಟು, ಆ ಮೂಲಕವೇ ಇನ್ನೊಂದು ಪಕ್ಷದ ಹಕ್ಕನ್ನೂ ಇಲ್ಲವಾಗಿಸಿದ ಪ್ರಕರಣವಿದು. ಸರ್ಕಾರದ ಕಡೆಯ ನ್ಯಾಯವೂ ಇದೆ, ಅದನ್ನು ಮರೆಯಬಾರದು. ಹತ್ತು ವರ್ಷ ಯಂತ್ರ ಮುಟ್ಟದವನನ್ನು ಹೊಸ ಕಾಲದ ಹಡಗಿಗೆ ಕರೆದು ಏನು ಮಾಡುವುದು? ಆದರೆ ನೀತಿ ಬದಲಾಯಿಸುವ ಕಡತದಲ್ಲಿ, ಹಳೆಯ ನೀತಿಯನ್ನು ನಂಬಿ ಬಂದವರ ಪಾಡೇನು ಎಂಬ ಒಂದು ಟಿಪ್ಪಣಿ ಇರಬೇಕಾಗುತ್ತದೆ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕಡತಗಳ ನಡುವೆಯೇ ಬದುಕಿದವನಾಗಿ ನಾನು ಇಷ್ಟನ್ನು ಹೇಳಬಲ್ಲೆ.

ಬೇಸಾಯದಲ್ಲಿ ಅವರು ಜಾಣರಲ್ಲ. ಕಡಲೆಕಾಯಿಗೆ ಮಾಡಿದ ಸಾಲ ತೀರಿಸಲು ಒಂದು ಎಕರೆ ಮಾರಬೇಕಾಯಿತು. ಸಿಟ್ಟೂ ಇತ್ತು, ಹೇಳಿದ ವೇಳೆಗೆ ಹತ್ತು ನಿಮಿಷ ತಡವಾಗಿ ಬಂದವನನ್ನು ಬಾಗಿಲಿನಿಂದಲೇ ವಾಪಸು ಕಳುಹಿಸುತ್ತಿದ್ದರು. ಊರಿಗೆ ಹೆಚ್ಚು ವಿಚಿತ್ರವಾಗಿ ಕಂಡದ್ದು ಅವರ ಗೃಹಸ್ಥಿಕೆ. ತಮ್ಮ ಬಟ್ಟೆ ತಾವೇ ಒಗೆಯುವರು, ಹರಿದ ಅಂಗಿಗೆ ತಾವೇ ಹೊಲಿಗೆ ಹಾಕುವರು, ಮಕ್ಕಳ ಕ್ಷೌರ ತಾವೇ ಮಾಡುವರು. ಹಿತ್ತಾಳೆ ಚೊಂಬಿಗೆ ಕೆಂಡ ತುಂಬಿ ಹೆಣ್ಣುಮಕ್ಕಳ ಸಮವಸ್ತ್ರಕ್ಕೆ ಇಸ್ತ್ರಿ ಮಾಡುವುದನ್ನು ನೋಡಿ ಜಗಲಿಯ ಮೇಲೆ ಕೂತ ಗಂಡಸರು ನಗುತ್ತಿದ್ದರು. ಅವರ ಇಬ್ಬರು ಹೆಣ್ಣುಮಕ್ಕಳೂ ತುಮಕೂರಿನಲ್ಲಿ ಓದಿದರು, ಹಿರಿಯರು ಶಿಕ್ಷಕಿಯಾದರು. ಮಗ ಮಾತ್ರ ಪಿಯುಸಿಗೆ ಓದು ಬಿಟ್ಟು ಲಾರಿ ಹತ್ತಿದ. ಆ ಬೇಸರ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಸಂಸಾರ ನಡೆದದ್ದು ಪಂಪ್‌ಸೆಟ್ ರಿಪೇರಿಯಿಂದ. ಆ ಕಾಲದಲ್ಲಿ ನಮ್ಮ ಕಡೆಯ ತೆರೆದ ಬಾವಿಗಳಲ್ಲಿ ಡೀಸೆಲ್ ಎಂಜಿನ್ನುಗಳದೇ ಸದ್ದು. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ವೈದ್ಯರು ಎದೆಬಡಿತ ಆಲಿಸುವಂತೆ ಆಲಿಸಿ ದೋಷ ಹೇಳುತ್ತಿದ್ದರು. ಹಣವಿಲ್ಲದವರಿಂದ ಸುಗ್ಗಿಯಲ್ಲಿ ರಾಗಿ. ಅದೂ ಇಲ್ಲದವರ ಹೆಸರು ಒಂದು ಪುಸ್ತಕದಲ್ಲಿ ಇರುತ್ತಿತ್ತು, ಅಷ್ಟೇ.

ಬಾವಿಯ ಪಂಪಿಗೆ ಒಂದು ಮಿತಿಯಿದೆ. ಮೇಲಿನಿಂದ ನೀರನ್ನು ಹೀರುವ ಪಂಪು ಇಪ್ಪತ್ತೈದು ಅಡಿಗಿಂತ ಆಳದಿಂದ ನೀರೆತ್ತಲಾರದು. ಅಂತರ್ಜಲ ಕೆಳಗಿಳಿದಂತೆಲ್ಲ ರೈತರು ಬಾವಿಯ ಗೋಡೆಯಲ್ಲಿ ಅಟ್ಟಣೆ ಕೊರೆದು ಎಂಜಿನ್ ಸಮೇತ ಪಂಪನ್ನೇ ಒಳಗೆ ಇಳಿಸತೊಡಗಿದರು. ಡೀಸೆಲ್ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾವಿಯ ತಳದಲ್ಲಿ ಗಾಳಿಯಾಡದಿದ್ದರೆ ಅದು ಅಲ್ಲೇ ನಿಲ್ಲುತ್ತದೆ. ನಾನು ಎಂ.ಎ. ಮುಗಿಸಿ ಊರಿನಲ್ಲಿದ್ದ ಬೇಸಿಗೆಯಲ್ಲಿ, ರಾತ್ರಿಯೆಲ್ಲ ಓಡಿ ನಿಂತುಹೋದ ಎಂಜಿನ್ ನೋಡಲು ಬೆಳಗಿನ ಜಾವ ಇಳಿದ ಹುಡುಗನೊಬ್ಬ ಅಟ್ಟಣೆಯ ಮೇಲೆಯೇ ಕುಸಿದುಬಿದ್ದ. ಕೂಗು ಕೇಳಿ ನಾವು ಓಡಿದಾಗ ನೇವಿಯಣ್ಣ ಆಗಲೇ ಅಲ್ಲಿದ್ದರು. ಬಾವಿಗೆ ಇಳಿಯಲು ಹೊರಟಿದ್ದ ಹುಡುಗನ ತಂದೆಯನ್ನು ಎರಡೂ ಕೈಗಳಿಂದ ತಬ್ಬಿ ಹಿಡಿದಿದ್ದರು. ಆತ ಹೊಡೆದರು, ಕಚ್ಚಿದರು, ಬೈದರು. ಇವರು ಹಿಡಿತ ಬಿಡಲಿಲ್ಲ. ಹೊಂಗೆ ಸೊಪ್ಪಿನ ಕಟ್ಟನ್ನು ಹಗ್ಗಕ್ಕೆ ಬಿಗಿದು ಮೇಲೆ ಕೆಳಗೆ ಆಡಿಸಿ ಗಾಳಿ ಕಲಕುವಂತೆ ಕೂಗಿ ಹೇಳಿದರು, ಬಿಂದಿಗೆಗಟ್ಟಲೆ ನೀರು ಸುರಿಸಿದರು. ಆಮೇಲೆ ತಂದೆಯನ್ನು ನಮ್ಮ ಕೈಗೆ ಒಪ್ಪಿಸಿ, ತಮ್ಮ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು, ಎರಡು ಸಲ ಜಗ್ಗಿದರೆ ಎಳೆಯಿರಿ ಎಂದು ಹೇಳಿ ತಾವೇ ಇಳಿದರು. ಹುಡುಗ ಬದುಕಲಿಲ್ಲ.

ಅವನ ತಾಯಿ ಬಹಳ ವರ್ಷ ನೇವಿಯಣ್ಣನ ಮುಖ ನೋಡಲಿಲ್ಲ. ತಂದೆಯನ್ನು ತಡೆಯದಿದ್ದರೆ ಮಗ ಉಳಿಯುತ್ತಿದ್ದನೆಂದೇ ಆಕೆಯ ನಂಬಿಕೆ. ತಡೆಯದಿದ್ದರೆ ಎರಡು ಹೆಣ ಏಳುತ್ತಿದ್ದವೆಂದು ಇವರು ಎಂದೂ ವಾದಿಸಲಿಲ್ಲ. ನಾನು ಒಮ್ಮೆ ಆ ಮಾತೆತ್ತಿದಾಗ ಹೇಳಿದರು: "ಹಡಗಿನೊಳಗೆ ನೀರು ನುಗ್ಗಿದರೆ ಆ ಕೋಣೆಯ ಬಾಗಿಲು ಮುಚ್ಚೋದು ಮೊದಲು ಕಲಿಸೋ ಪಾಠ. ಒಳಗೆ ಯಾರಿದ್ದಾರೆ ಅನ್ನೋದು ಆಮೇಲೆ. ಇದನ್ನ ಆಯಮ್ಮನಿಗೆ ಹೇಗಪ್ಪ ಹೇಳಲಿ?" ಅಂದಿನಿಂದ ಹೊಗೆಯ ಕೊಳವೆಯನ್ನು ಬಾವಿಯ ಬಾಯಿಯವರೆಗೆ ಏರಿಸದ ಎಂಜಿನ್ನನ್ನು ಅವರು ಮುಟ್ಟಲಿಲ್ಲ. ಕೊಳವೆಗೆ ಖರ್ಚಾಗುತ್ತದೆಂದು ಅನೇಕರು ಬೇರೆ ಮೆಕ್ಯಾನಿಕ್ಕುಗಳ ಬಳಿ ಹೋದರು, ಸಂಪಾದನೆ ಕುಗ್ಗಿತು. ನಮ್ಮೂರಿನಲ್ಲಿ ಮತ್ತೊಬ್ಬರು ಬಾವಿಯ ಹೊಗೆಗೆ ಬಲಿಯಾಗಲಿಲ್ಲ.

ತೊಂಬತ್ತರ ದಶಕದಲ್ಲಿ ಕೊಳವೆಬಾವಿಗಳು ಬಂದವು, ತೆರೆದ ಬಾವಿಗಳು ಒಣಗಿ ಕಸದ ಗುಂಡಿಗಳಾದವು. ಡೀಸೆಲ್ ಎಂಜಿನ್ನಿನೊಡನೆ ಅವರ ಕಸುಬೂ ಮುಗಿಯಿತು. ಆದರೆ ಅವರ ಪುಸ್ತಕಗಳು ಉಳಿದವು. ಹಡಗಿನಲ್ಲಿ ಪ್ರತಿ ಪಾಳಿಯ ವಿವರ ದಾಖಲಿಸುವ ಅಭ್ಯಾಸವನ್ನು ಅವರು ಊರಿಗೂ ತಂದಿದ್ದರು: ಯಾರ ಬಾವಿ, ಯಾವ ದಿನ, ಯಾವ ವಾಷರ್ ಬದಲಾಯಿತು, ಅಂದು ನೀರು ಎಷ್ಟು ಅಡಿಯಲ್ಲಿತ್ತು. ಆ ಪುಟಗಳನ್ನು ನಾನು ಮೂರು ದಿನ ಕುಳಿತು ಓದಿದ್ದೇನೆ. ಒಂದೊಂದು ಬಾವಿಯ ನೀರೂ ಬೇಸಿಗೆಯಿಂದ ಬೇಸಿಗೆಗೆ ಹೇಗೆ ಇಳಿಯಿತು, ಯಾವ ವರ್ಷ ಚೇತರಿಸಿಕೊಂಡಿತು, ಯಾವ ವರ್ಷದ ಬಳಿಕ ಚೇತರಿಸಿಕೊಳ್ಳಲೇ ಇಲ್ಲ ಎಂಬುದೆಲ್ಲ ಅಲ್ಲಿದೆ. ಜಿಲ್ಲಾ ಯೋಜನಾ ಸಭೆಗಳಲ್ಲಿ ಅಂತರ್ಜಲದ ಅಂಕಿಅಂಶಗಳನ್ನು ಎಷ್ಟೋ ಬಾರಿ ಮಂಡಿಸಿದ್ದೇನೆ. ಒಂದು ಊರಿನ ಬಗ್ಗೆ ಇಷ್ಟು ವಿವರ ನನ್ನ ಕೈಗೆ ಎಂದೂ ಸಿಕ್ಕಿರಲಿಲ್ಲ.

2016ರಲ್ಲಿ ಸುಪ್ರೀಂ ಕೋರ್ಟ್, ಇವರಂತೆಯೇ 1973ಕ್ಕೆ ಮೊದಲು ಸೇರಿ ಮೀಸಲು ಕೈತಪ್ಪಿದ ನಾವಿಕರ ಮೊಕದ್ದಮೆಯಲ್ಲಿ ತೀರ್ಪು ನೀಡಿತು. ಮೀಸಲಿನಲ್ಲಿ ಸೇವೆಯನ್ನೇ ಮಾಡದವರಿಗೆ ಮೀಸಲು ಪಿಂಚಣಿ ಇಲ್ಲ. ಆದರೆ ಸರ್ಕಾರದ ನೀತಿ ಬದಲಾವಣೆಯಿಂದ ಹೊರಬಿದ್ದವರು ನೌಕಾಪಡೆಯ ಪಿಂಚಣಿ ನಿಯಮಗಳಲ್ಲಿ ಮೊದಲಿನಿಂದಲೂ ಇದ್ದ 'ವಿಶೇಷ ಪಿಂಚಣಿ'ಗೆ ಅರ್ಹರು ಎಂಬುದು ಅದರ ಸಾರಾಂಶ. ನಿಯಮ 1964ರದು. ಅದು ಪುಸ್ತಕದಲ್ಲಿಯೇ ಇತ್ತು! ಪಿಂಚಣಿ ದೊರೆಯ ಭಿಕ್ಷೆಯಲ್ಲ, ಸಲ್ಲಿಸಿದ ಸೇವೆಗೆ ಸಲ್ಲಬೇಕಾದದ್ದು ಎಂದು ಇದೇ ನ್ಯಾಯಾಲಯ 1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದಲ್ಲಿ ಹೇಳಿತ್ತು. ಆ ದಿನವನ್ನು ನಾವು ನಿವೃತ್ತ ನೌಕರರು ಪಿಂಚಣಿದಾರರ ದಿನವೆಂದು ಆಚರಿಸುತ್ತೇವೆ, ಹಾರ ತುರಾಯಿಗಳೂ ಇರುತ್ತವೆ.

ಹಳೆಯ ಸಹೋದ್ಯೋಗಿಯೊಬ್ಬರು ದೂರವಾಣಿಯಲ್ಲಿ ಸುದ್ದಿ ತಿಳಿಸಿದಾಗ ನೇವಿಯಣ್ಣ ಅರ್ಜಿ ಹಾಕಲು ಒಪ್ಪಲಿಲ್ಲ. ನಲವತ್ತು ವರ್ಷ ಕೇಳದೆ ಇದ್ದವನು ಈಗ ಕೇಳುವುದೇನು ಎಂಬ ಹಟ. ಅವರ ಪತ್ನಿ ಒಂದೇ ಮಾತು ಹೇಳಿದರು: "ಆ ಹತ್ತು ವರ್ಷ ನೀವೊಬ್ಬರೇ ನೇವೀಲಿ ಇದ್ರಾ?" ಮರುದಿನವೇ ಟ್ರಂಕಿನಿಂದ ಪ್ರಮಾಣಪತ್ರ ಹೊರಬಂತು. ಅರ್ಜಿಯನ್ನು ನಾನೇ ಬರೆದೆ. ಮಂಜೂರಾತಿ ಬರಲು ಹಲವು ಪತ್ರಗಳು, ಎರಡು ಮಳೆಗಾಲಗಳು ಹಿಡಿದವು. ಬಂದ ಮೊದಲ ಹಣದಲ್ಲಿ ಅವರು ಶಿರಾದಲ್ಲಿ ಹೆಂಡತಿಗೆ ಹಲ್ಲಿನ ಸೆಟ್ಟು ಕಟ್ಟಿಸಿದರು.

ಅಗ್ನಿಪಥ ಯೋಜನೆ 2022ರ ಜೂನ್‌ನಲ್ಲಿ ಪ್ರಕಟವಾದಾಗ ಊರಿನ ಹುಡುಗರು ಅವರ ಸಲಹೆ ಕೇಳಲು ಬಂದಿದ್ದರು. ನಾಲ್ಕು ವರ್ಷ ಸೇವೆ, ನಾಲ್ವರಲ್ಲಿ ಒಬ್ಬರಿಗೆ ಮುಂದುವರಿಕೆ, ಉಳಿದವರಿಗೆ ಹನ್ನೊಂದು ಲಕ್ಷ ಚಿಲ್ಲರೆಯ ನಿಧಿ, ಪಿಂಚಣಿ ಇಲ್ಲ. ಇಲ್ಲಿ ಕನಿಷ್ಠ ಕರಾರಾದರೂ ಮೊದಲೇ ಸ್ಪಷ್ಟವಾಗಿದೆ ಎಂಬುದು ನನ್ನ ಅಭಿಪ್ರಾಯ. ನೇವಿಯಣ್ಣ ಪಿಂಚಣಿಯ ಮಾತನ್ನೇ ಎತ್ತಲಿಲ್ಲ. "ನಾಲ್ಕು ವರ್ಷದಲ್ಲಿ ಕೈಗೆ ಒಂದು ಕೆಲಸ ಕಲಿಸ್ತಾರಾ, ಕೇಳಿಕೊಳ್ಳಿ" ಎಂದರು. ಬಂದೂಕು ಹಿಡಿಯುವುದನ್ನಷ್ಟೇ ಕಲಿತು ಬಂದರೆ ಊರಿನಲ್ಲಿ ಏನು ಮಾಡುತ್ತೀರಿ ಎಂಬುದು ಅವರ ಪ್ರಶ್ನೆ. ಇಬ್ಬರು ಸೇರಿದರು, ಮೂವರು ಸೇರಲಿಲ್ಲ.

ಅವರ ಅಂತ್ಯಕ್ರಿಯೆಯಲ್ಲಿ ತುತ್ತೂರಿಯ ಸದ್ದು ಇರಲಿಲ್ಲ. ತುಮಕೂರಿನಿಂದ ಬಂದಿದ್ದ ಮೂವರು ಮಾಜಿ ಸೈನಿಕರು ಒಂದು ನಿಮಿಷ ಸೆಟೆದು ನಿಂತು ವಂದಿಸಿದರು. ಬಾವಿಯಲ್ಲಿ ಮಗನನ್ನು ಕಳೆದುಕೊಂಡ ತಾಯಿಯೂ, ಈಗ ಬೆನ್ನು ಬಾಗಿದ ಮುದುಕಿ, ಮೊಮ್ಮಗನ ಕೈ ಹಿಡಿದು ಬಂದು ದೂರದಲ್ಲಿ ಕುಳಿತಿದ್ದರು. ಪುಸ್ತಕಗಳು ಈಗ ಹಿರಿಯ ಮಗಳ ಬಳಿ ಇವೆ. ಕೊನೆಯ ಪುಸ್ತಕದಲ್ಲಿ ಬಾವಿಗಳ ಲೆಕ್ಕವಿಲ್ಲ. ಹೆಂಡತಿಯ ರಕ್ತದೊತ್ತಡದ ಮಾತ್ರೆಗಳ ವೇಳಾಪಟ್ಟಿ ಇದೆ, ಹಡಗಿನ ಗಡಿಯಾರದಂತೆ 0600, 1400, 2000 ಎಂದು; ಪ್ರತಿ ದಿನಕ್ಕೂ ಮೂರು ಗುರುತು. ಆಸ್ಪತ್ರೆಗೆ ಹೋದ ದಿನದ ಮೂರನೆಯ ಗುರುತು ಮಾತ್ರ ಮಗಳ ಕೈಯದು.