ಮಿಠಾಯಿ ಅಂಗಡಿಗೆ ಸ್ಥಳದ ಆಯ್ಕೆ: ಯಾದಗಿರಿ, ಶಹಾಪುರ, ಸುರಪುರಗಳ ದೃಷ್ಟಿಯಿಂದ

ಮಿಠಾಯಿ ವ್ಯಾಪಾರದಲ್ಲಿ ಒಂದು ದಿನದ ಸರಕು ಕೆಟ್ಟರೆ ಮರುದಿನ ಹೊಸದನ್ನು ತಯಾರಿಸಬಹುದು. ದರ ನಿಗದಿಯಲ್ಲಿ ತಪ್ಪಾದರೆ ಮುಂದಿನ ವಾರ ತಿದ್ದಿಕೊಳ್ಳಬಹುದು. ಆದರೆ ಸ್ಥಳದ ಆಯ್ಕೆ ತಪ್ಪಿದಲ್ಲಿ ಗಾಜಿನ ಕಪಾಟು, ವಿದ್ಯುತ್ ಜೋಡಣೆ, ನಾಮಫಲಕ ಮುಂತಾದವುಗಳಿಗೆ ತೊಡಗಿಸಿದ ಬಂಡವಾಳದ ಬಹುಭಾಗ ಮರಳಿ ಬರುವುದಿಲ್ಲ. ಆದುದರಿಂದ ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನವೇ ಲೆಕ್ಕಾಚಾರ ಮುಗಿದಿರಬೇಕು.

ಮೂರು ಊರು, ಮೂರು ಬಗೆಯ ಗಿರಾಕಿ

ಯಾದಗಿರಿಯು ಮುಂಬೈ-ಚೆನ್ನೈ ರೈಲು ಮಾರ್ಗದಲ್ಲಿದ್ದು, 2009ರ ಡಿಸೆಂಬರ್ ಅಂತ್ಯದಲ್ಲಿ ಗುಲಬರ್ಗಾದಿಂದ ಬೇರ್ಪಟ್ಟ ಜಿಲ್ಲೆಯ ಕೇಂದ್ರವಾಯಿತು. 2011ರ ಜನಗಣತಿಯಂತೆ ಪಟ್ಟಣದ ಜನಸಂಖ್ಯೆ ಸುಮಾರು 74 ಸಾವಿರ. ಇಲ್ಲಿ ರೈಲು ಪ್ರಯಾಣಿಕರು, ಸಂಬಳದಾರರು ಹಾಗೂ ಕಚೇರಿ ಕೆಲಸಕ್ಕೆ ಬಂದು ಹೋಗುವ ಗ್ರಾಮಸ್ಥರು ಇರುವುದರಿಂದ ತಿಂಗಳ ಮೊದಲ ವಾರದ ವ್ಯಾಪಾರ ಬಲವಾಗಿರುತ್ತದೆ. ಪ್ರಯಾಣಿಕರಿಗೆ ಕಟ್ಟಿಕೊಡುವ ಅರ್ಧ ಕಿಲೋ ಪೆಟ್ಟಿಗೆಯೇ ಮುಖ್ಯ; ಮನೆತನದವರಿಗೆ ತೂಕದ ಮಾರಾಟ ಮುಖ್ಯ. ಈ ಎರಡರಲ್ಲಿ ಯಾವುದನ್ನು ಆಶ್ರಯಿಸಬೇಕೆಂಬುದನ್ನು ಮೊದಲು ನಿರ್ಧರಿಸಿ, ನಂತರ ಸ್ಟೇಷನ್ ಕಡೆಯೋ ಬಜಾರದ ಕಡೆಯೋ ಎಂದು ನೋಡುವುದು ಲೇಸು.

ಶಹಾಪುರ ಮತ್ತು ಸುರಪುರಗಳು ರಸ್ತೆ ಸಂಚಾರವನ್ನೇ ಅವಲಂಬಿಸಿದ ಊರುಗಳು. ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆ ನೀರಿನಿಂದ ಈ ಭಾಗದಲ್ಲಿ ಭತ್ತ, ಹತ್ತಿ ಬೆಳೆದು ರೈತರ ಕೈಯಲ್ಲಿ ಹಣ ಓಡಾಡುತ್ತದೆ. ಆದರೆ ಆ ಹಣ ಸುಗ್ಗಿಯ ತಿಂಗಳುಗಳಲ್ಲಿ ಬರುವುದೇ ಹೊರತು ವರ್ಷವಿಡೀ ಅಲ್ಲ. ಆದ್ದರಿಂದ ಇಲ್ಲಿ ಬಸ್ ನಿಲ್ದಾಣ, ಕೃಷಿ ಮಾರುಕಟ್ಟೆ ಹಾಗೂ ಸಂತೆಯ ದಾರಿಗಳಿಗೆ ಹೊಂದಿದ ಅಂಗಡಿಗೆ ಬೆಲೆ ಹೆಚ್ಚು. ಗುಡ್ಡಗಳಿಂದ ಸುತ್ತುವರಿದ ಸುರಪುರದಲ್ಲಿ ಏರು ಬೀದಿಯ ಅಂಗಡಿಗಿಂತ ವಾಹನ ನಿಲ್ಲಿಸಲು ಅನುಕೂಲವಿರುವ ಅಂಗಡಿ ಮೇಲು. ಮದುವೆ ಸೀಸನ್ನಿನಲ್ಲಿ ಮಿಠಾಯಿಯನ್ನು ಬುಟ್ಟಿಗಟ್ಟಲೆ ಒಯ್ಯುವವರು ವಾಹನದಲ್ಲಿಯೇ ಬರುತ್ತಾರೆ.

ಜಾತ್ರೆಯ ಆಧಾರದ ಮೇಲೆ ಕಾಯಂ ಬಾಡಿಗೆ ಬೇಡ

ಮೈಲಾಪುರದ ಮಲ್ಲಯ್ಯನ ಸಂಕ್ರಾಂತಿ ಜಾತ್ರೆ, ತಿಂಥಣಿ ಮೌನೇಶ್ವರನ ಜಾತ್ರೆ, ಸುರಪುರದ ವೇಣುಗೋಪಾಲಸ್ವಾಮಿ ಜಾತ್ರೆಗಳಲ್ಲಿ ಬೆಂಡು-ಬತ್ತಾಸು, ಜಿಲೇಬಿ, ಫೇಡೆಗಳ ಮಾರಾಟ ಜೋರಾಗಿರುತ್ತದೆ. ಆದರೆ ಕೆಲವೇ ದಿನಗಳ ಗದ್ದಲವನ್ನು ನೋಡಿ ಹನ್ನೆರಡು ತಿಂಗಳ ಬಾಡಿಗೆ ಒಪ್ಪಿಕೊಳ್ಳುವುದು ಸರಿಯಲ್ಲ. ಜಾತ್ರೆಗೆ ತಾತ್ಕಾಲಿಕ ಮಳಿಗೆ ಹಾಕಿ, ಕಾಯಂ ಅಂಗಡಿಯನ್ನು ಸಾಮಾನ್ಯ ದಿನದ ಗಿರಾಕಿಯನ್ನು ಎಣಿಸಿಯೇ ಆರಿಸಬೇಕು.

ಹೆಚ್ಚಿನ ಬಾಡಿಗೆಗೆ ಎಷ್ಟು ಹೆಚ್ಚಿನ ಮಾರಾಟ?

ಉದಾಹರಣೆಗೆ, ಮುಖ್ಯ ರಸ್ತೆಯ ಅಂಗಡಿಗೆ ತಿಂಗಳಿಗೆ 18,000 ರೂ. ಬಾಡಿಗೆ ಹಾಗೂ 3 ಲಕ್ಷ ರೂ. ಮುಂಗಡ, ಒಳರಸ್ತೆಯದಕ್ಕೆ 8,000 ರೂ. ಬಾಡಿಗೆ ಹಾಗೂ 1 ಲಕ್ಷ ರೂ. ಮುಂಗಡ ಎಂದಿಟ್ಟುಕೊಳ್ಳೋಣ. ಬಾಡಿಗೆಯ ವ್ಯತ್ಯಾಸ 10,000 ರೂ. ಮುಂಗಡದಲ್ಲಿ ಹೆಚ್ಚಾಗಿ ಸಿಲುಕುವ 2 ಲಕ್ಷಕ್ಕೆ ವಾರ್ಷಿಕ ಶೇ. 12ರಂತೆ ಬಡ್ಡಿ ತಿಂಗಳಿಗೆ 2,000 ರೂ. ಒಟ್ಟು 12,000 ರೂ. ಮಾರಾಟದ ಮೇಲಿನ ಒಟ್ಟು ಲಾಭಾಂಶ ಶೇ. 25 ಆಗಿದ್ದರೆ ಈ ವೆಚ್ಚ ಸರಿತೂಗಲು ತಿಂಗಳಿಗೆ 48,000 ರೂ., ಅಂದರೆ ದಿನಕ್ಕೆ 1,600 ರೂ. ಹೆಚ್ಚಿನ ಮಾರಾಟವಾಗಬೇಕು. ಪ್ರತಿ ಗಿರಾಕಿ ಸರಾಸರಿ 80 ರೂ. ಕೊಡುವುದಾದರೆ ದಿನಕ್ಕೆ 20 ಮಂದಿ ಹೆಚ್ಚು ಬರಬೇಕು. ಅವರು ಬರುವರೇ ಎಂಬುದನ್ನು ಊಹಿಸದೆ ಎಣಿಸಿ ತಿಳಿಯಬೇಕು. ಸಂತೆಯ ದಿನ, ಸಾಮಾನ್ಯ ದಿನ ಮತ್ತು ತಿಂಗಳ ಕೊನೆಯ ಒಂದು ದಿನ, ಬೆಳಿಗ್ಗೆ ಹಾಗೂ ಸಂಜೆ ಸಮೀಪದ ಅಂಗಡಿಗಳಿಗೆ ಒಳಹೋಗುವವರನ್ನು ಎಣಿಸಿದರೆ ಸಾಕು. ಬೀದಿಯಲ್ಲಿ ಹಾದುಹೋಗುವವರೆಲ್ಲ ಗಿರಾಕಿಗಳಲ್ಲ.

ಬಿಸಿಲು, ಧೂಳು, ರಸ್ತೆಯಂಚು

ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಪಶ್ಚಿಮಾಭಿಮುಖವಾದ ಅಂಗಡಿಯ ಕಪಾಟಿಗೆ ಸಂಜೆಯ ಬಿಸಿಲು ನೇರ ಬೀಳುತ್ತದೆ. ಚಾಕೊಲೇಟ್ ಕರಗುತ್ತದೆ, ಖೋವಾದ ಸರಕು ಬೇಗ ಹುಳಿಯುತ್ತದೆ, ತಂಪು ಯಂತ್ರದ ವಿದ್ಯುತ್ ಬಿಲ್ಲು ಏರುತ್ತದೆ. ಹೆದ್ದಾರಿಯಂಚಿನ ಧೂಳೂ ನಷ್ಟವೇ. ಕಟ್ಟಡವು ರಸ್ತೆ ವಿಸ್ತರಣೆಯ ಮಿತಿಯೊಳಗೆ ಬರುವುದೇ ಎಂಬುದನ್ನು ನಗರಸಭೆಯಲ್ಲಿ ವಿಚಾರಿಸಿಕೊಳ್ಳುವುದು ಅಗತ್ಯ.

ಕರಾರು ಮತ್ತು ತೆರಿಗೆ

ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸುವುದು ಕಡ್ಡಾಯ. ಹನ್ನೊಂದು ತಿಂಗಳ ಕರಾರಿನಲ್ಲಿ ಖರ್ಚು ಕಡಿಮೆ. ಆದರೆ ಗಿರಾಕಿ ಕುದುರುವ ಹೊತ್ತಿಗೆ ಮಾಲೀಕರು ಬಾಡಿಗೆ ಏರಿಸಬಹುದು ಅಥವಾ ತೆರವು ಕೇಳಬಹುದು. ಜಿ.ಎಸ್.ಟಿ. ನೋಂದಾಯಿತ ಮಾಲೀಕರು ಬಾಡಿಗೆಯ ಮೇಲೆ ಶೇ. 18 ತೆರಿಗೆ ವಿಧಿಸುತ್ತಾರೆ. ಮಾಲೀಕರು ನೋಂದಾಯಿತರಲ್ಲದಿದ್ದರೂ, 2024ರ ಅಕ್ಟೋಬರ್ 10ರಿಂದ ನೋಂದಾಯಿತ ಬಾಡಿಗೆದಾರನೇ ಈ ತೆರಿಗೆಯನ್ನು ಪಾವತಿಸಬೇಕು. 2025ರ ಜನವರಿಯಲ್ಲಿ ಕಾಂಪೊಸಿಷನ್ ಪದ್ಧತಿಯವರಿಗೆ ಇದರಿಂದ ವಿನಾಯಿತಿ ದೊರೆಯಿತು. ಸಾಮಾನ್ಯ ಪದ್ಧತಿಯವರು ಈ ತೆರಿಗೆಯನ್ನು ಹೂಟುವಳಿ ತೆರಿಗೆಯಾಗಿ ಜಮಾ ಪಡೆಯಬಹುದು. ಕಾಂಪೊಸಿಷನ್ ಪದ್ಧತಿಯವರಿಗೆ ಆ ಸೌಲಭ್ಯವಿಲ್ಲದ ಕಾರಣ ನೋಂದಾಯಿತ ಮಾಲೀಕರ 18,000 ರೂ. ಬಾಡಿಗೆ ಅವರಿಗೆ ವಾಸ್ತವವಾಗಿ 21,240 ರೂ. ಆಗುತ್ತದೆ. ಮೇಲಿನ ಲೆಕ್ಕದಲ್ಲಿ ಈ ಅಂತರವನ್ನೂ ಸೇರಿಸಬೇಕು.

ಇದಲ್ಲದೆ ನಗರಸಭೆಯ ಉದ್ದಿಮೆ ಪರವಾನಗಿ ಹಾಗೂ 2006ರ ಆಹಾರ ಸುರಕ್ಷತಾ ಕಾಯ್ದೆಯನ್ವಯ ನೋಂದಣಿ ಅಥವಾ ಲೈಸೆನ್ಸು ಬೇಕು. ಅಂಗಡಿಯ ಹಿಂದೆಯೇ ಭಟ್ಟಿ ಹಾಕುವ ಉದ್ದೇಶವಿದ್ದಲ್ಲಿ ನೀರು, ಚರಂಡಿ, ಹೊಗೆ ಹೋಗುವ ವ್ಯವಸ್ಥೆಗಳನ್ನೂ ನೋಡಬೇಕು.

ಒಟ್ಟಿನಲ್ಲಿ, ದುಬಾರಿ ಸ್ಥಳವೆಲ್ಲ ಒಳ್ಳೆಯದಲ್ಲ, ಅಗ್ಗದ ಸ್ಥಳವೆಲ್ಲ ಉಳಿತಾಯವಲ್ಲ. ಹೆಚ್ಚುವರಿ ಬಾಡಿಗೆಯನ್ನು ಹೆಚ್ಚುವರಿ ಗಿರಾಕಿಯೇ ಭರಿಸುವಂತಿದ್ದರೆ ಮಾತ್ರ ಮುಖ್ಯ ರಸ್ತೆ. ಇಲ್ಲವಾದಲ್ಲಿ ಒಳರಸ್ತೆಯಲ್ಲಿ ಆರಂಭಿಸಿ, ರುಚಿಯಿಂದ ಹೆಸರು ಗಳಿಸಿದ ನಂತರ ಮುಂದಕ್ಕೆ ಬರುವುದೇ ಚಿಕ್ಕ ಬಂಡವಾಳದವರಿಗೆ ಕ್ಷೇಮಕರ.