ಗೋಧಿಯೂ ರೊಟ್ಟಿಯೂ: ದುಮಿತ್ರು ಸ್ಟನಿಲೋಯೆ ಅವರ ದೇವಶಾಸ್ತ್ರ

ರೊಮೇನಿಯಾ ದೇಶದ ಹೆಸರಾಂತರೆಂದರೆ ಶಿಲ್ಪಿ ಬ್ರಂಕೂಶಿ ನೆನಪಾಗುತ್ತಾರೆ. ಕಲ್ಕತ್ತೆಯಲ್ಲಿ ಸುರೇಂದ್ರನಾಥ ದಾಸಗುಪ್ತರ ಬಳಿ ಭಾರತೀಯ ದರ್ಶನಗಳನ್ನು ಕಲಿತ ಮಿರ್ಚಾ ಎಲಿಯಾದೆ ನೆನಪಾಗುತ್ತಾರೆ. ದೇವಶಾಸ್ತ್ರವನ್ನು ವ್ಯಾಸಂಗ ಮಾಡುವ ನಾವು ಇವರಿಗಿಂತಲೂ ಸಮೀಪದಿಂದ ಅರಿಯಬೇಕಾದವರು ಆರ್ಥೊಡಾಕ್ಸ್ ಯಾಜಕರಾದ ದುಮಿತ್ರು ಸ್ಟನಿಲೋಯೆ (1903–1993).

ಟ್ರಾನ್ಸಿಲ್ವೇನಿಯಾದ ಹಳ್ಳಿಯೊಂದರಲ್ಲಿ ಹುಟ್ಟಿದ ಇವರು ಸಿಬಿಯು ಪಟ್ಟಣದಲ್ಲಿಯೂ ಅನಂತರ ಬುಕಾರೆಸ್ಟಿನಲ್ಲಿಯೂ ಬೋಧಿಸಿದರು. 1958ರಲ್ಲಿ ಕಮ್ಯುನಿಸ್ಟ್ ಸರಕಾರ ಇವರನ್ನು ಬಂಧಿಸಿತು; 1963ರ ಆರಂಭದಲ್ಲಿ ಬಿಡುಗಡೆಯಾಯಿತು. ಪ್ರಾರ್ಥನೆಯ ಕುರಿತು ಪೂರ್ವದ ಸಭಾಪಿತೃಗಳು ಬರೆದ ಬರಹಗಳ ಸಂಗ್ರಹವಾದ ‘ಫಿಲೊಕಾಲಿಯಾ’ ಗ್ರೀಕ್ ಭಾಷೆಯಲ್ಲಿ 1782ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾಗಿತ್ತು. ಸ್ಟನಿಲೋಯೆ ಅದನ್ನು ವಿಸ್ತರಿಸಿ, ಟಿಪ್ಪಣಿಗಳೊಡನೆ ರೊಮೇನಿಯನ್ ಭಾಷೆಗೆ ತಂದರು. ಮೊದಲ ನಾಲ್ಕು ಸಂಪುಟಗಳು 1946–48ರಲ್ಲಿ ಬಂದವು, ಐದನೆಯದು 1976ರಲ್ಲಿ, ಹನ್ನೆರಡನೆಯದು 1991ರಲ್ಲಿ. ನಡುವಣ ಸುಮಾರು ಮೂವತ್ತು ವರ್ಷಗಳ ಬರಿದು ಆ ದೇಶದ ಸಭೆಯ ಚರಿತ್ರೆಯನ್ನೇ ಹೇಳುತ್ತದೆ.

1978ರಲ್ಲಿ ಮೂರು ಸಂಪುಟಗಳಲ್ಲಿ ಹೊರಬಂದ ಅವರ ಸಿದ್ಧಾಂತಶಾಸ್ತ್ರದ ಗ್ರಂಥದಲ್ಲಿ ಸೃಷ್ಟಿಯ ವಿಚಾರಕ್ಕೆ ದೊಡ್ಡ ಸ್ಥಾನವಿದೆ. ಲೋಕವು ದೇವರು ಮನುಷ್ಯನಿಗಿತ್ತ ದಾನ; ಆದರೆ ಪಡೆದು ಸುಮ್ಮನಿರತಕ್ಕ ದಾನವಲ್ಲ. ಮನುಷ್ಯನು ಅದರ ಮೇಲೆ ತನ್ನ ಶ್ರಮದ ಮುದ್ರೆಯನ್ನೊತ್ತಿ ಹಿಂದಕ್ಕೆ ಅರ್ಪಿಸಬೇಕು. ದೇವರು ಗೋಧಿಯನ್ನು ಕೊಡುತ್ತಾನೆ, ಮನುಷ್ಯನು ಬೀಸಿ, ನಾದಿ, ಸುಟ್ಟು, ರೊಟ್ಟಿಯಾಗಿಸಿ ಪ್ರಭುಭೋಜನದ ಮೇಜಿಗೆ ತರುತ್ತಾನೆ. ದಾನಕ್ಕೇ ಅಂಟಿಕೊಂಡವನು ದಾನಿಯನ್ನು ಮರೆಯುತ್ತಾನಾದ್ದರಿಂದ, ಪ್ರತಿಯೊಂದು ದಾನದ ಮೇಲೆಯೂ ಶಿಲುಬೆಯ ಗುರುತಿದೆಯೆಂದು ಅವರು ಬೋಧಿಸಿದರು. ಪ್ರತಿ ವಸ್ತುವಿಗೂ ದೈವವಾಕ್ಯದಲ್ಲಿ ತನ್ನದೇ ಅರ್ಥವುಂಟೆಂಬ ಮಾಕ್ಸಿಮಸನ ಬೋಧನೆಯೇ ಇದಕ್ಕೆ ಬುನಾದಿ.

ಇಲ್ಲಿ ಒಂದು ತೊಡಕನ್ನು ನಾವು ಮರೆಮಾಡಲಾರೆವು. ಸಭೆಗಳು ಪರಸ್ಪರ ದಾನಗಳನ್ನು ಸ್ವೀಕರಿಸುವ ‘ತೆರೆದ ಸಾರ್ವತ್ರಿಕತೆ’ಯ ಕುರಿತು ಬರೆದವರೂ ಸ್ಟನಿಲೋಯೆ ಅವರೇ. ಆದರೆ ರೋಮಿನೊಡನೆ ಅನ್ಯೋನ್ಯತೆಯಲ್ಲಿದ್ದ ಗ್ರೀಕ್ ಕಥೋಲಿಕ ಸಭೆಯನ್ನು 1948ರಲ್ಲಿ ಸರಕಾರ ನಿಷೇಧಿಸಿ, ಅದರ ದೇವಾಲಯಗಳನ್ನು ಆರ್ಥೊಡಾಕ್ಸ್ ಸಭೆಗೆ ಒಪ್ಪಿಸಿತ್ತು. ಆ ಸಭೆಯ ಬಿಷಪರಲ್ಲಿ ಒಬ್ಬರೂ ಮಣಿಯಲಿಲ್ಲ. ಅವರಲ್ಲೊಬ್ಬರಾದ ಯೂಲಿಯು ಹೊಸು 1970ರಲ್ಲಿ ಸ್ವಾತಂತ್ರ್ಯವನ್ನು ಕಾಣದೆಯೇ ತೀರಿಕೊಂಡರು. ಇಷ್ಟಾದ ಮೇಲೂ 1973ರಲ್ಲಿ ಸ್ಟನಿಲೋಯೆ ಆ ಸಭೆಯನ್ನು ರೊಮೇನಿಯನ್ ಜನತೆಯನ್ನು ಒಡೆಯುವ ಯತ್ನವೆಂದು ಕರೆದು ಗ್ರಂಥ ಬರೆದರು. ಬಾಯಿಮುಚ್ಚಿಸಲ್ಪಟ್ಟವರ ವಿರುದ್ಧ ವಾದಿಸುವುದು ಸುಲಭ. ಸ್ವತಃ ಸೆರೆಯನ್ನು ಕಂಡವರಿಂದ ಬೇರೆ ಮಾತನ್ನು ನಿರೀಕ್ಷಿಸುವ ಹಕ್ಕು ನಮಗಿದೆಯೆಂದೇ ನಮ್ಮ ಅಭಿಪ್ರಾಯ. ದಾನದ ದೇವಶಾಸ್ತ್ರವು ಜನಾಂಗಾಭಿಮಾನದ ಹೊಸ್ತಿಲಲ್ಲಿ ನಿಂತುಹೋಯಿತು.

ಅದೇ ನಾಡಿನ ಸೆರೆಮನೆಯೊಂದು ಆ ಹೊಸ್ತಿಲನ್ನು ದಾಟಿತ್ತು. ಯೆಹೂದಿ ಮನೆತನದ ಸಾಹಿತ್ಯವಿಮರ್ಶಕ ನಿಕೊಲಾಯೆ ಸ್ಟೈನ್‌ಹಾರ್ಟ್ ತಮ್ಮ ಮಿತ್ರರ ವಿರುದ್ಧ ಸಾಕ್ಷಿ ಹೇಳಲೊಪ್ಪದೆ ಸೆರೆಗೆ ಹೋದರು. 1960ರ ಮಾರ್ಚ್ 15ರಂದು ಜಿಲಾವಾ ಸೆರೆಮನೆಯ ಕೋಣೆಯಲ್ಲಿ ಆರ್ಥೊಡಾಕ್ಸ್ ಸನ್ಯಾಸಿಯೊಬ್ಬರು ಅವರಿಗೆ ಗುಟ್ಟಾಗಿ ದೀಕ್ಷಾಸ್ನಾನ ಮಾಡಿಸಿದಾಗ, ಗ್ರೀಕ್ ಕಥೋಲಿಕ ಯಾಜಕರೂ ಅಲ್ಲಿ ಸಾಕ್ಷಿಗಳಾಗಿದ್ದರು.